ನಿಷೇಧ ಯಾರ ತಂಬಾಕಿಗೆ?

ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಆದಿಲ್‌ಶಾಹಿ ದರ್ಬಾರಿಗೆ ಬಂದಿದ್ದ ಅಸದ್ ಬೇಗ್, 1604ರ ಸುಮಾರಿಗೆ ಆಗ್ರಾಕ್ಕೆ ಮರಳುವಾಗ ಕಾಣಿಕೆಗಳ ಜೊತೆ ಒಂದಿಷ್ಟು ಹೊಗೆಸೊಪ್ಪನ್ನೂ ಒಯ್ದ. ಪೋರ್ಚುಗೀಸರ ಹಡಗುಗಳಲ್ಲಿ ಬಂದು ದಖ್ಖನ್ನಿನಲ್ಲಿ ಆಗಲೇ ರೂಢಿಯಾಗಿದ್ದ ಆ ಎಲೆ ಮೊಗಲ್ ಆಸ್ಥಾನಕ್ಕೆ ಹೊಸತು. ರತ್ನ ಕೂರಿಸಿದ ಹುಕ್ಕಾ ಮಾಡಿಸಿ ಬಾದಶಹನ ಮುಂದಿಟ್ಟ. ಹಕೀಮರು ಬೇಡವೆಂದರೂ ಅಕ್ಬರ್ ಕೆಲವು ದಮ್ಮು ಎಳೆದ. ಅವನಿಗೆ ಚಟ ಹತ್ತಲಿಲ್ಲ, ಅಮೀರರಿಗೆ ಹತ್ತಿತು. 1617ರಲ್ಲಿ ಮಗ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಆ ಫರ್ಮಾನಿಗೆ ಯಾರೂ ಸೊಪ್ಪು ಹಾಕಲಿಲ್ಲ; ಅದೇ ಶತಮಾನದಲ್ಲಿ ತಂಬಾಕು ಮೊಗಲರ ನಾಡಿನಲ್ಲಿ ಲಾಭದ ಬೆಳೆಯಾಗಿ ಬೇರೂರಿತು.

ಇತರ ದೊರೆಗಳೂ ಆಗ ಇದೇ ತಲೆನೋವಿನಲ್ಲಿದ್ದರು. ತುರ್ಕಿಯ ನಾಲ್ಕನೇ ಮುರಾದ್ 1633ರಲ್ಲಿ ಹೊಗೆ ಸೇದಿದವರಿಗೆ ಮರಣದಂಡನೆ ಎಂದ. ಇಂಗ್ಲೆಂಡಿನ ಒಂದನೇ ಜೇಮ್ಸ್ 1604ರಲ್ಲಿ ತಂಬಾಕನ್ನು ಬೈದು ಪುಸ್ತಿಕೆ ಬರೆದ, ಜೊತೆಗೆ ಆಮದು ಸುಂಕವನ್ನೂ ಹಲವು ಪಟ್ಟು ಏರಿಸಿದ. ಮುಂದಿನ ಸರ್ಕಾರಗಳೆಲ್ಲ ಹಿಡಿದದ್ದು ಜೇಮ್ಸನ ದಾರಿಯನ್ನೇ: ಬಾಯಲ್ಲಿ ಬೈಗುಳ, ಬೊಕ್ಕಸಕ್ಕೆ ಸುಂಕ.

1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿಅಂಶಗಳಲ್ಲಿ ತೋರಿಸಿದರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಅದಕ್ಕೆ ಸರ್ಕಾರಿ ಮುದ್ರೆ ಒತ್ತಿತು. ಭಾರತ ಎಚ್ಚೆತ್ತದ್ದು 1975ರಲ್ಲಿ, ಅದೂ ಅರೆಮನಸ್ಸಿನಿಂದ. ಆ ವರ್ಷ ಸಂಸತ್ತು ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಅಚ್ಚಾಗಬೇಕೆಂಬ ಕಾಯ್ದೆ ಮಾಡಿತು. ತಂಬಾಕು ಉದ್ಯಮವನ್ನು ಬೆಳೆಸಲು ತಂಬಾಕು ಮಂಡಳಿ ಕಾಯ್ದೆಯನ್ನು ಮಾಡಿದ್ದೂ ಅದೇ ವರ್ಷ.

ಮುಂದಿನ ಹೆಜ್ಜೆಗಳನ್ನು ಇಡಿಸಿದ್ದು ಬಹುಪಾಲು ನ್ಯಾಯಾಲಯಗಳು. 1999ರಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನಕ್ಕೆ ತಡೆ ಹಾಕಿದವು. 2003ರಲ್ಲಿ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, ಅಂದರೆ ಕೋಟ್ಪಾ, ಬಂತು. ಮರುವರ್ಷ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಆ ಒಪ್ಪಂದ ಎಲ್ಲಿಯೂ ಸಂಪೂರ್ಣ ನಿಷೇಧವನ್ನು ಕಡ್ಡಾಯ ಮಾಡುವುದಿಲ್ಲ. ತೆರಿಗೆ, ಎಚ್ಚರಿಕೆ ಚಿತ್ರ, ಜಾಹೀರಾತಿಗೆ ಕಡಿವಾಣ ಇವೇ ಅದರ ಆಯುಧಗಳು.

ನಿಜವಾದ ನಿಷೇಧದ ಪ್ರಯೋಗ ನಡೆದದ್ದು ಅಡಿಕೆಗೆ ತಂಬಾಕು ಬೆರೆಸಿದ ಗುಟ್ಕಾದ ಮೇಲೆ. ಕೆಲವು ರಾಜ್ಯಗಳು ಮೊದಲು ಕಲಬೆರಕೆ ತಡೆ ಕಾಯ್ದೆಯಡಿ ಅದನ್ನು ನಿಷೇಧಿಸಿದ್ದವು. ಆ ಅಧಿಕಾರ ನಿಮಗಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಗೋದಾವತ್ ಪಾನ್ ಮಸಾಲಾ ಪ್ರಕರಣದಲ್ಲಿ ಹೇಳಿತು. ಆಮೇಲೆ ಬಂದ ಆಹಾರ ಸುರಕ್ಷತಾ ಕಾಯ್ದೆಯ 2011ರ ನಿಯಮವೊಂದು, ಯಾವ ಆಹಾರದಲ್ಲೂ ತಂಬಾಕು, ನಿಕೋಟಿನ್ ಬೆರೆಸುವಂತಿಲ್ಲ ಎಂದಿತು. ಗುಟ್ಕಾ ಬಾಯಲ್ಲಿ ಅಗಿಯುವ ವಸ್ತು, ಆದ್ದರಿಂದ ಆಹಾರ, ಸಿಗರೇಟು ಅಲ್ಲ. ಈ ಎಳೆ ಹಿಡಿದು 2012ರಲ್ಲಿ ಮಧ್ಯಪ್ರದೇಶ, 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದವು. ಅಡಿಕೆ ಬೆಳೆಗಾರರು ಬೆಲೆ ಕುಸಿಯುವ ಭಯದಲ್ಲಿ ದನಿ ಎತ್ತಿದರು.

ಹೆಚ್ಚು ಕಾಲ ಹೋಗುವ ಮೊದಲೇ ಬೀಡಾ ಅಂಗಡಿಗಳಲ್ಲಿ ಒಂದು ಸರದ ಜಾಗದಲ್ಲಿ ಎರಡು ಸರ ನೇತಾಡತೊಡಗಿದವು. ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲಾ, ಇನ್ನೊಂದರಲ್ಲಿ ಬರೀ ತಂಬಾಕು. ಗಿರಾಕಿ ಎರಡನ್ನೂ ಹರಿದು, ಒಂದರ ಪುಡಿಯನ್ನು ಇನ್ನೊಂದಕ್ಕೆ ಸುರಿದು, ಸ್ಯಾಚೆಟ್ಟಿನ ಬಾಯಿ ಹಿಡಿದು ಅಲುಗಿಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ವರ್ಗವಾಯಿತು, ಅಷ್ಟೇ. ಈ ಜೋಡಿ ಪ್ಯಾಕೆಟ್‌ ಮಾರಾಟವನ್ನೂ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಬೇಕಾಯಿತು. ಅಂಗಡಿಯ ಮುಂದೆ ನಿಂತು ನೋಡಿದವರಿಗೆ ಆ ಸೂಚನೆಯ ಗತಿ ಗೊತ್ತು.

ಸಾರಾಯಿಯ ಕಥೆಯೂ ಹೆಚ್ಚು ಬೇರೆಯಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹಳ್ಳಿಯ ಹೆಂಗಸರು ವರ್ಷಗಟ್ಟಲೆ ಕೇಳಿದ್ದೂ ಇದನ್ನೇ. ಆದರೆ ವಿಸ್ಕಿ, ರಮ್, ಬ್ರಾಂದಿ ನಿಲ್ಲಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಊರುಗಳಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಬಕಾರಿ ಆದಾಯ ಅಗ್ಗದ ವಿಸ್ಕಿಯ ಮೂಲಕ ಮತ್ತೆ ಬೊಕ್ಕಸ ಸೇರಿತು. ಸಾರಾಯಿ ನಿಷೇಧದಿಂದ ಒಳಿತೇ ಆಗಲಿಲ್ಲ ಎನ್ನಲಾರೆ, ಆದರೆ ಅದನ್ನು ಪಾನನಿಷೇಧವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇದನ್ನೆಲ್ಲ ಜೋಡಿಸಿ ನೋಡಿದರೆ ಒಂದು ಜಾಡು ಕಾಣುತ್ತದೆ. ಬೆನ್ನ ಹಿಂದೆ ರೈತನಾಗಲಿ, ಕಾರ್ಮಿಕರಾಗಲಿ, ತೆರಿಗೆಯಾಗಲಿ ಇಲ್ಲದ ಸರಕನ್ನು ಸರ್ಕಾರ ಸಲೀಸಾಗಿ ನಿಷೇಧಿಸುತ್ತದೆ. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೇ, ಕೇಂದ್ರ 2019ರಲ್ಲಿ ನಿಷೇಧಿಸಿದವು. ಸಿಗರೇಟಿನ ಕೂದಲೂ ಕೊಂಕಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಹುಕ್ಕಾ ಬಾರ್‌ಗಳ ಸರದಿ. ಅದೇ ತಿಂಗಳು ವಿಧಾನಮಂಡಲ ಒಪ್ಪಿದ ಕೋಟ್ಪಾ ತಿದ್ದುಪಡಿ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದರ ಪ್ರಕಾರ ತಂಬಾಕು ಕೊಳ್ಳಲು 21 ವರ್ಷ ತುಂಬಿರಬೇಕು, ಒಂಟಿ ಸಿಗರೇಟು ಮಾರುವಂತಿಲ್ಲ. ಚಹಾ ಅಂಗಡಿಯ ಕಂಬಕ್ಕೆ ದಾರ ಕಟ್ಟಿ ಇಳಿಬಿಟ್ಟ ಲೈಟರ್ ಇನ್ನೂ ಅಲ್ಲೇ ಇದೆ, ಅದು ಇರುವುದೇ ಒಂಟಿ ಸಿಗರೇಟಿನ ಗಿರಾಕಿಗಾಗಿ.

ಹೊಗೆಸೊಪ್ಪಿನ ಹಿಂದೆ ಮಾತ್ರ ದೊಡ್ಡ ಬಳಗವೇ ಇದೆ. ಪಿರಿಯಾಪಟ್ಟಣ, ಹುಣಸೂರು, ರಾಮನಾಥಪುರದ ಸುತ್ತ ಮಳೆಗಾಲದಲ್ಲಿ ನಾಟಿಯಾದ ಸೊಪ್ಪು ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಸೌದೆಯ ಕಾವಿಗೆ ಬೆಂದು ಹೊಂಬಣ್ಣಕ್ಕೆ ತಿರುಗಿ, ಬೇಲ್ ಕಟ್ಟಿಕೊಂಡು ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಬರುತ್ತದೆ. ನಿಪ್ಪಾಣಿಯ ಬೀಡಿ ತಂಬಾಕು ಬೆಳೆಗಾರರು 1981ರಲ್ಲಿ ಬೆಲೆಗಾಗಿ ರಸ್ತೆಗಿಳಿದಾಗ ಗೋಲಿಬಾರ್ ಆಗಿ ರೈತರು ಪ್ರಾಣ ತೆತ್ತರು. ದಕ್ಷಿಣ ಕನ್ನಡದಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಆ ದುಡ್ಡಿನಲ್ಲೇ ಮಕ್ಕಳ ಫೀಸು ಕಟ್ಟಿದ್ದಾರೆ. ಇವರನ್ನು ಮುಂದೆ ನಿಲ್ಲಿಸಿ ಕಂಪನಿಗಳು ಹಿಂದೆ ಅಡಗುತ್ತವೆ ಎಂಬ ಆರೋಪ ಸುಳ್ಳಲ್ಲ. ಹಾಗೆಂದು ಇವರ ಬದುಕು ನೆಪವಷ್ಟೇ ಎಂದರೆ ಅದೂ ಅನ್ಯಾಯ.

ಹೊರಗಿನ ಅನುಭವವೂ ಧೈರ್ಯ ಕೊಡುವಂತಿಲ್ಲ. 2004ರಲ್ಲಿ ತಂಬಾಕು ಮಾರಾಟ ನಿಷೇಧಿಸಿದ ಭೂತಾನ್, ಗಡಿಯಾಚೆಯಿಂದ ಬರುವ ಕಳ್ಳಮಾಲಿನ ಜೊತೆ ಕೋವಿಡ್ ಕೂಡ ನುಸುಳೀತೆಂದು 2021ರಲ್ಲಿ ನಿಷೇಧ ತೆಗೆಯಿತು. ದಕ್ಷಿಣ ಆಫ್ರಿಕಾ 2020ರ ಲಾಕ್‌ಡೌನಿನಲ್ಲಿ ಸುಮಾರು ಐದು ತಿಂಗಳು ಮಾರಾಟ ನಿಲ್ಲಿಸಿದಾಗ ಕಾಳಸಂತೆ ಕೊಬ್ಬಿತು. ಹೊಸ ತಲೆಮಾರಿಗೆ ಮಾತ್ರ ಮಾರಬಾರದೆಂಬುದು ಈಚಿನ ಯೋಚನೆ. ನ್ಯೂಜಿಲೆಂಡ್ 2022ರಲ್ಲಿ ಅಂಥ ಕಾಯ್ದೆ ಮಾಡಿತು. ಸರ್ಕಾರ ಬದಲಾದದ್ದೇ 2024ರಲ್ಲಿ ಅದು ರದ್ದಾಯಿತು. 2007ರಿಂದೀಚೆ ಹುಟ್ಟಿದವರಿಗೆ ತಂಬಾಕು ಮಾರುವುದನ್ನು ಮಾಲ್ಡೀವ್ಸ್ 2025ರ ನವೆಂಬರ್ 1ರಿಂದ ನಿಲ್ಲಿಸಿದೆ. ಫಲ ಕಾಣಲು ವರ್ಷಗಳು ಬೇಕು.

ಸಂಪೂರ್ಣ ನಿಷೇಧವಿಲ್ಲದೆಯೂ ಬಳಕೆ ಇಳಿದಿದೆ. ಎರಡು ರಾಷ್ಟ್ರೀಯ ಸಮೀಕ್ಷೆಗಳ ನಡುವೆ, ಅಂದರೆ 2009-10ರಿಂದ 2016-17ರೊಳಗೆ, ಭಾರತದಲ್ಲಿ ತಂಬಾಕು ಬಳಸುವ ವಯಸ್ಕರು ಶೇ 34.6ರಿಂದ 28.6ಕ್ಕೆ ಇಳಿದರು. ಎಚ್ಚರಿಕೆ ಚಿತ್ರ ದೊಡ್ಡದಾದದ್ದು, ತೆರಿಗೆ ಏರಿದ್ದು, ಗುಟ್ಕಾ ನಿಷೇಧವಾದದ್ದು ಎಲ್ಲವೂ ಆ ಅವಧಿಯಲ್ಲೇ. ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ನನ್ನ ಮಟ್ಟಿಗೆ, ಬಳಸುವವನ ಬದಲು ಮಾರುವವನನ್ನು ಹಿಡಿಯುವ ಕಾಯ್ದೆ, ಎಲ್ಲ ಬಗೆಯ ತಂಬಾಕಿಗೂ ಒಂದೇ ತೂಕದ ತೆರಿಗೆ, ಬೆಳೆಗಾರನಿಗೆ ಬೇರೆ ಬೆಳೆಗೆ ಹೋಗಲು ಕಾಸು, ಈ ಮೂರೂ ಕೂಡದೆ ನಿಷೇಧದ ಮಾತಿಗೆ ಅರ್ಥವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ 40ರ ದರ ನಿಗದಿ ಮಾಡಿತು, ಅದೇ ಸಭೆಯಲ್ಲಿ ಬೀಡಿಯ ದರವನ್ನು ಶೇ 28ರಿಂದ 18ಕ್ಕೆ ಇಳಿಸಿತು.