ಮನೆಯೂ ಮನೆಯೊಡೆಯನೂ: ಗೋಗೋಲನ ‘ಮೃತಾತ್ಮಗಳು’

ಮನೆಯನ್ನು ಕಂಡು ಮನೆಯೊಡೆಯನ ಗುಣವನ್ನು ಅರಿಯಬಹುದೆಂಬುದು ಲೋಕರೂಢಿಯ ಮಾತು. ರಷ್ಯಾ ದೇಶದ ನಿಕೊಲಾಯ್ ಗೋಗೋಲನು 1842ರಲ್ಲಿ ಪ್ರಕಟಿಸಿದ ‘ಮೃತಾತ್ಮಗಳು’ ಎಂಬ ಕಾದಂಬರಿಯು ಇದಕ್ಕೆ ಒಳ್ಳೆಯ ನಿದರ್ಶನ. ಆದರೆ ಅಲ್ಲಿಯ ಮನೆಗಳು ಒಡೆಯರ ಗುಣವನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಆ ಗುಣದ ಫಲವನ್ನು ಉಂಡವರು ಯಾರೆಂಬುದನ್ನೂ ಹೇಳುತ್ತವೆ.

ಆ ಕಾಲದ ರಷ್ಯಾದಲ್ಲಿ ಲಕ್ಷಾಂತರ ಒಕ್ಕಲುಗಳು ಜಮೀನ್ದಾರರ ಸೊತ್ತಾಗಿದ್ದರು. ಪೀಟರ್ ಚಕ್ರವರ್ತಿಯು ಹದಿನೆಂಟನೆಯ ಶತಮಾನದ ಆದಿಯಲ್ಲಿ ವಿಧಿಸಿದ ತಲೆಗಂದಾಯವು ಗಂಡಾಳುಗಳ ಎಣಿಕೆಯ ಮೇಲೆ ನಿಂತಿತ್ತು. ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬ ಆಳಿಗೂ ‘ಆತ್ಮ’ವೆಂದು ಹೆಸರು. ಎರಡು ಗಣತಿಗಳ ನಡುವೆ ಸತ್ತವನು ಕಾಗದದಲ್ಲಿ ಬದುಕಿಯೇ ಇರುವನು. ಅವನ ಕಂದಾಯವೂ ತಪ್ಪದು. ಇಂತಹ ಹೆಸರುಗಳನ್ನು ಅಗ್ಗಕ್ಕೆ ಕೊಂಡು, ಜೀವಂತರೆಂದು ತೋರಿಸಿ, ಅಡವಿಟ್ಟು ಹಣ ಪಡೆಯಬೇಕೆಂದು ಚಿಚಿಕೋವನು ಹೊರಡುತ್ತಾನೆ. ಅವನ ಬಂಡಿಯು ಜಮೀನ್ದಾರರ ಬಾಗಿಲುಗಳಲ್ಲಿ ಒಂದೊಂದಾಗಿ ನಿಲ್ಲುತ್ತದೆ.

ಮನೀಲೋವನ ಮನೆಯು ಎಲ್ಲ ಗಾಳಿಗೂ ಮೈಯೊಡ್ಡಿದ ದಿಬ್ಬದ ಮೇಲಿದೆ. ತೋಟದಲ್ಲಿ ಏಕಾಂತಚಿಂತನೆಗೆಂದು ಹೆಸರಿಟ್ಟ ಮಂಟಪ. ಕೋಣೆಯಲ್ಲಿ ಎರಡು ವರ್ಷಗಳಿಂದ 14ನೆಯ ಪುಟವನ್ನು ದಾಟದ ಪುಸ್ತಕ. ಈ ಸವಿಮಾತಿನ ಒಡೆಯನಿಗೆ ತನ್ನ ಒಕ್ಕಲುಗಳಲ್ಲಿ ಸತ್ತವರೆಷ್ಟೆಂಬುದು ತಿಳಿಯದು. ಪಾರುಪತ್ಯಗಾರನನ್ನು ಕರೆಸಿದರೆ, ಅವನೂ ಎಣಿಸಿಲ್ಲ.

ಸೊಬಾಕೆವಿಚನದು ದಪ್ಪ ತೊಲೆಗಳ ಕಟ್ಟಡ. ವಾಸ್ತುಶಿಲ್ಪಿಯು ಅಂದವನ್ನು ಬಯಸಿದನು, ಒಡೆಯನು ಅನುಕೂಲವನ್ನು ಬಯಸಿದನು; ಆದುದರಿಂದ ಮುಂಭಾಗದ ನಾಲ್ಕು ಕಂಬಗಳಲ್ಲಿ ಮೂರು ಮಾತ್ರ ಉಳಿದವು. ಕುರ್ಚಿ ಮೇಜುಗಳೂ ಅವನಂತೆಯೇ ಭಾರ, ಒರಟು. ಆದರೂ ಅವನ ಒಕ್ಕಲುಗಳ ಗುಡಿಸಲುಗಳು ಭದ್ರವಾಗಿವೆ. ಸತ್ತ ಬಡಗಿಯ, ಚಮ್ಮಾರನ ಹೆಸರನ್ನೂ ಕೈಗುಣವನ್ನೂ ಅವನು ಬಲ್ಲನು. ಹೊಗಳುವುದು ಬೆಲೆ ಏರಿಸುವುದಕ್ಕಾಗಿಯೇ ಸರಿ. ಆದರೆ ಬಲ್ಲನೆಂಬುದು ಸುಳ್ಳಲ್ಲ.

ಪ್ಲ್ಯೂಷ್ಕಿನನು ಸಾವಿರಕ್ಕೂ ಮಿಕ್ಕ ಆಳುಗಳ ಒಡೆಯ. ಅವನ ಹಾಳುಬಿದ್ದ ಮನೆಯಲ್ಲಿ ತೆರೆದಿರುವ ಕಿಟಕಿಗಳು ಎರಡೇ. ನಿಂತ ಗಡಿಯಾರದಲ್ಲಿ ಜೇಡ ಬಲೆ ಕಟ್ಟಿದೆ. ದಾರಿಯಲ್ಲಿ ಸಿಕ್ಕ ಹಳೆಯ ಅಟ್ಟೆ, ಮೊಳೆಗಳೆಲ್ಲ ಮೂಲೆಯ ರಾಶಿಯನ್ನು ಸೇರಿವೆ. ಇವನೂ ಒಮ್ಮೆ ಅಚ್ಚುಕಟ್ಟಾದ ಗೃಹಸ್ಥನೇ. ಹೆಂಡತಿ ತೀರಿಕೊಂಡಳು, ಹಿರಿಯ ಮಗಳು ಓಡಿಹೋದಳು. ಮನೆಯ ಕಿಟಕಿಗಳಂತೆ ಮನಸ್ಸೂ ಮುಚ್ಚುತ್ತ ಬಂದಿತು. ಇದನ್ನೋದುವವರಿಗೆ ಕನಿಕರ ಹುಟ್ಟದಿರದು. ಆದರೆ ಗೋಗೋಲನು ಈ ಮನೆಗಿಂತ ಮೊದಲೇ ಹಳ್ಳಿಯನ್ನು ತೋರಿಸಿರುತ್ತಾನೆ: ಗುಡಿಸಲುಗಳ ಮಾಡುಗಳು ಜರಡಿಯಂತಾಗಿವೆ. ಒಡೆಯನ ನೆಲಮಾಳಿಗೆಯಲ್ಲಿ ಹಿಟ್ಟು ಕಲ್ಲಾಗುತ್ತಿರಲು, ಸತ್ತವರು 120ಕ್ಕೆ ಮಿಕ್ಕರು. ಓಡಿಹೋದವರು 70ಕ್ಕೆ ಮಿಕ್ಕರು.

ಸ್ವತಂತ್ರನಾದ ಮನುಷ್ಯನ ಜಿಪುಣತನವು ಅವನ ಮನೆಯನ್ನಷ್ಟೆ ಕೆಡಿಸೀತು. ನೂರಾರು ಜೀವಗಳು ಒಬ್ಬನ ಕೈಯಲ್ಲಿದ್ದಾಗ, ಅವನ ಸ್ವಭಾವವೇ ಅವರಿಗೆಲ್ಲ ವಿಧಿಯಾಗುತ್ತದೆ. ಸೊಬಾಕೆವಿಚನ ಆಳಿಗೆ ಭದ್ರವಾದ ಸೂರು, ಪ್ಲ್ಯೂಷ್ಕಿನನ ಆಳಿಗೆ ಹಸಿವು: ಎರಡೂ ಅವರ ಗಳಿಕೆಯಲ್ಲ.

ವಿಚಿತ್ರವೆಂದರೆ, ಗೋಗೋಲನು ಜೀತಪದ್ಧತಿಯ ವಿರೋಧಿಯಾಗಿರಲಿಲ್ಲ. 1847ರಲ್ಲಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿ ಜಮೀನ್ದಾರನ ಒಡೆತನವನ್ನು ದೈವನಿಯತವೆಂದು ಸಮರ್ಥಿಸಿ, ವಿಮರ್ಶಕ ಬೆಲಿನ್ಸ್ಕಿಯ ಕಟುನಿಂದೆಗೆ ಗುರಿಯಾದನು. 1852ರಲ್ಲಿ ಅವನು ತೀರಿಕೊಂಡನು. ಒಕ್ಕಲುಗಳ ಬಿಡುಗಡೆಯ ಶಾಸನವು ಹೊರಟುದು 1861ರಲ್ಲಿ. ಕರ್ತೃವಿನ ಮತವು ಏನೇ ಇರಲಿ, ಅವನು ಕಟ್ಟಿದ ಮನೆಗಳು ಮಾತ್ರ ಸತ್ಯವನ್ನೇ ನುಡಿದವು.