ಹಣೆಬರಹದ ಚೀಟಿ: ಇಥಿಯೋಪಿಯಾದ ನೇಕಾರರ ಇಕ್ಕುಬ್

ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ‘ಇಟಾ’ ಎಂದರೆ ಎತ್ತುವ ಚೀಟಿ. ‘ಇಟಾ ಫೆಂಟಾ’ ಎಂದರೆ ಹಣೆಬರಹ. ಯಾರ ಪಾಲಿಗೆ ಏನು ಬಂತೋ ಅದೇ ಅವರ ವಿಧಿ ಎನ್ನುವ ತಿಳಿವಳಿಕೆ ಆ ಪದದಲ್ಲೇ ಇದೆ. ಸಹಾಯಾರ್ಥ ಲಾಟರಿಗೆ ಅಲ್ಲಿ ‘ತೊಂಬೊಲಾ’ ಎಂಬ ಇಟಲಿಯ ಪದವೂ ಬಳಕೆಯಲ್ಲಿದೆ. ಸರ್ಕಾರವೇ ನಡೆಸುವ ರಾಷ್ಟ್ರೀಯ ಲಾಟರಿ 1961ರಲ್ಲಿ ಶುರುವಾಯಿತು. ತೊಂಬೊಲಾದಲ್ಲಿ ಒಬ್ಬರಿಗೆ ಬಹುಮಾನ ಬರುತ್ತದೆ, ಮಿಕ್ಕವರು ಟಿಕೆಟ್ ಹರಿದು ಮನೆಗೆ ಹೋಗುತ್ತಾರೆ. ಆದರೆ ಆ ದೇಶದ ನೇಕಾರರು, ವ್ಯಾಪಾರಿಗಳು, ಕೂಲಿಯವರು ಹೆಚ್ಚು ನೆಚ್ಚಿಕೊಂಡದ್ದು ಇನ್ನೊಂದು ಬಗೆಯ ಚೀಟಿಯನ್ನು. ಅದರಲ್ಲಿ ಸೋಲುವವರೇ ಇಲ್ಲ. ಅದರ ಹೆಸರು ಇಕ್ಕುಬ್.

ಈ ಪದದ ಬೇರು ಗೀಝ್ ಎಂಬ ಹಳೆಯ ಭಾಷೆಯಲ್ಲಿದೆ. ಕಾಯುವುದು, ಕಾಪಾಡಿ ಇಡುವುದು ಎಂಬುದು ಅದರ ಅರ್ಥ. ವ್ಯವಸ್ಥೆ ಸರಳ. ಇಪ್ಪತ್ತು ಜನ ಸೇರಿ ವಾರಕ್ಕೆ ತಲಾ ನೂರು ಬಿರ್ ಹಾಕುತ್ತಾರೆ ಎಂದುಕೊಳ್ಳೋಣ. ಪ್ರತಿ ವಾರ ಒಂದು ಹೆಸರಿನ ಚೀಟಿ ಎತ್ತುತ್ತಾರೆ, ಆ ಹೆಸರಿನವರಿಗೆ ಎರಡು ಸಾವಿರ ಬಿರ್ ಸಿಗುತ್ತದೆ. ಒಮ್ಮೆ ಬಂದ ಹೆಸರನ್ನು ಮತ್ತೆ ಹಾಕುವುದಿಲ್ಲ, ಆದರೆ ಕಂತು ಮಾತ್ರ ಕೊನೆಯ ವಾರದವರೆಗೆ ಕಟ್ಟಲೇಬೇಕು. ಮುಂಬಯಿಯ ಭಿಶಿ, ದೆಹಲಿಯ ಕಮಿಟಿ, ನಮ್ಮ ಚೀಟಿ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಬ್ಬರೇ ಕೂಡಿಟ್ಟರೆ ಎರಡು ಸಾವಿರ ಆಗಲು ಇಪ್ಪತ್ತು ವಾರ ಬೇಕು. ಇಕ್ಕುಬ್‌ನಲ್ಲಿ ಹತ್ತೊಂಬತ್ತು ಜನರಿಗೆ ಅದಕ್ಕಿಂತ ಬೇಗ ಸಿಗುತ್ತದೆ, ಕೊನೆಯವರಿಗೂ ನಷ್ಟವಿಲ್ಲ. ಬಡ್ಡಿಯ ಮಾತಿಲ್ಲ.

ನೇಕಾರರಿಗೆ ಇಂಥ ಇಡುಗಂಟು ಯಾಕೆ ಬೇಕಾಯಿತು ಎನ್ನುವುದಕ್ಕೆ ದಕ್ಷಿಣ ಇಥಿಯೋಪಿಯಾದ ಗಾಮೊ ಬೆಟ್ಟಸೀಮೆಗೆ ಹೋಗಬೇಕು. ಅರ್ಬಾ ಮಿಂಚ್ ಪಟ್ಟಣದ ಮೇಲೆ, ಚೆಂಚಾದ ಆಸುಪಾಸಿನಲ್ಲಿ ದೊರ್ಜೆ ಜನರ ಊರುಗಳಿವೆ. ಇವರು ಮನೆಯನ್ನೂ ನೇಯುವ ಜನ: ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಮೇಲೆ ಎನ್ಸೆಟ್ ಎಂಬ ಬಾಳೆಜಾತಿಯ ಗಿಡದ ಎಲೆ ಹೊದಿಸುತ್ತಾರೆ. ಬುಡವನ್ನು ಗೆದ್ದಲು ತಿಂದಂತೆ ಎತ್ತರದ ಮನೆ ವರ್ಷದಿಂದ ವರ್ಷಕ್ಕೆ ಕುಳ್ಳಗಾಗುತ್ತದೆ. ಹೆಂಗಸರು ಹತ್ತಿ ನೂಲುತ್ತಾರೆ, ಗಂಡಸರು ಮಗ್ಗದಲ್ಲಿ ಕೂರುತ್ತಾರೆ. ಅದು ಗುಂಡಿಮಗ್ಗ. ಇಳಕಲ್ಲಿನಲ್ಲಿ ಕಾಲನ್ನು ಗುಂಡಿಗಿಳಿಬಿಟ್ಟು ತುಳಿಯುವ ಮಗ್ಗ ನೋಡಿದವರಿಗೆ ಅದರ ಗುರುತು ಸಿಗುತ್ತದೆ. ನೇಯುವುದು ಮುಖ್ಯವಾಗಿ ಶಮ್ಮ, ಅಂಚಿಗೆ ಬಣ್ಣದ ಪಟ್ಟಿಯಿರುವ ಬಿಳಿ ಹೊದಿಕೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಎರಡನೆಯ ಮೆನೆಲಿಕ್ ಚಕ್ರವರ್ತಿಯ ಸೈನ್ಯ ಗಾಮೊ ಸೀಮೆಯನ್ನು ಗೆದ್ದುಕೊಂಡಿತು. 1886ರಲ್ಲಿ ಹುಟ್ಟಿದ ಅಡಿಸ್ ಅಬಾಬಾ ಬೆಳೆಯುತ್ತಿದ್ದಂತೆ ಶಮ್ಮಕ್ಕೆ ದೊಡ್ಡ ಮಾರುಕಟ್ಟೆ ಸಿಕ್ಕಿತು, ನೇಕಾರರು ರಾಜಧಾನಿಯ ದಾರಿ ಹಿಡಿದರು. ಎಂಟೊಟೊ ಬೆಟ್ಟದ ಬುಡದ ಶಿರೊ ಮೆದಾ ಇಂದಿಗೂ ಅವರ ಕೇರಿ, ಅವರ ಪೇಟೆ. ಬಟ್ಟೆ ಮಾರಾಟವಾಗುವುದು ಹಬ್ಬದ ಮುಂಚೆ: ಸೆಪ್ಟೆಂಬರಿನ ಹೊಸವರ್ಷ ಮತ್ತು ಮೆಸ್ಕೆಲ್, ಜನವರಿಯ ತಿಮ್ಕೆತ್, ಈಸ್ಟರ್. ನೂಲು ಕೊಳ್ಳಬೇಕಾದದ್ದು ಅದಕ್ಕಿಂತ ಎಷ್ಟೋ ಮೊದಲು. ಹೊಕ್ಕಿನ ನೂಲು ಮನೆಯಲ್ಲೇ ಆದೀತು. ಹಾಸಿಗೆ ಗಿರಣಿ ನೂಲು ಬೇಕಾದ ಮೇಲೆ ಕೈಯಲ್ಲಿ ನಗದು ಬೇಕು. (ಆ ದೇಶದಲ್ಲಿ ಗಿರಣಿ ಹಾಕಿದವರಲ್ಲಿ ನಮ್ಮ ಬಿರ್ಲಾಗಳೂ ಇದ್ದರು, 1950ರ ದಶಕದ ಕೊನೆಯ ಹೊತ್ತಿಗೆ.) ಅಡವಿಡಲು ಏನೂ ಇಲ್ಲದ ನೇಕಾರನಿಗೆ ಬ್ಯಾಂಕು ಬಾಗಿಲು ತೆರೆಯುವುದಿಲ್ಲ. ಸಾಹುಕಾರ ತೆರೆಯುತ್ತಾನೆ, ನೇಯ್ದ ಬಟ್ಟೆ ತನಗೇ ಕೊಡಬೇಕೆಂಬ ಷರತ್ತಿನ ಮೇಲೆ. ಇಕ್ಕುಬ್ ನೇಕಾರನನ್ನು ಬಿಡಿಸುವುದು ಈ ಷರತ್ತಿನಿಂದ.

ಇಲ್ಲಿ ಚೀಟಿ ಎತ್ತುವುದಕ್ಕೂ ಹರಾಜು ಕೂಗುವುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಭಾರತದ 1982ರ ಚಿಟ್ ಫಂಡ್ ಕಾಯ್ದೆ ಎರಡನ್ನೂ ಒಪ್ಪುತ್ತದೆ. ಆದರೆ ನಮ್ಮಲ್ಲಿ ಮೇಲುಗೈ ಪಡೆದದ್ದು ಹರಾಜು. ಹರಾಜಿನಲ್ಲಿ ಯಾರ ಕಷ್ಟ ದೊಡ್ಡದೋ ಅವರೇ ಹೆಚ್ಚು ಬಿಟ್ಟುಕೊಟ್ಟು ಕೂಗಬೇಕು. ಮಗಳ ಆಸ್ಪತ್ರೆ ಖರ್ಚಿಗೆ ಓಡಿಬಂದವನ ನಷ್ಟ ಉಳಿದವರ ಲಾಭವಾಗುತ್ತದೆ. ಚೀಟಿ ಎತ್ತಿದರೆ ಆ ಲೆಕ್ಕವಿಲ್ಲ, ಸಿರಿವಂತನಿಗೂ ಮುಂದಿನ ಸಾಲಿಲ್ಲ. ಹಾಗೆಂದು ಅದೃಷ್ಟಕ್ಕೆ ಕಣ್ಣೂ ಇಲ್ಲ. ಅದಕ್ಕೇ ಇಕ್ಕುಬ್‌ನಲ್ಲಿ ‘ದಾನ್ಯ’ ಇರುತ್ತಾನೆ. ಪದದ ಅರ್ಥ ನ್ಯಾಯಾಧೀಶ. ಮನೆಯಲ್ಲಿ ಕಾಯಿಲೆ, ಸಾವು, ಮದುವೆ ಬಂದರೆ ಸದಸ್ಯರು ಅವನ ಮುಂದೆ ಹೇಳಿಕೊಳ್ಳಬಹುದು. ಚೀಟಿ ಬಂದವರು ತಮ್ಮ ಸರದಿಯನ್ನು ಬಿಟ್ಟುಕೊಡಬಹುದು, ಕೆಲವೆಡೆ ಮಾರಲೂಬಹುದು. ಬಿಟ್ಟುಕೊಟ್ಟದ್ದನ್ನು ಯಾರೂ ದಾನ ಎನ್ನುವುದಿಲ್ಲ, ಪಡೆದವರೂ ತಲೆ ತಗ್ಗಿಸಬೇಕಿಲ್ಲ. ನಾಳೆ ಅದೇ ಸರದಿ ಇವರಿಂದ ಅವರಿಗೆ ಹೋಗಬಹುದು. ಆದರೆ ಹಣ ಎತ್ತುವ ಮುನ್ನ ಒಬ್ಬ ‘ವಾಸ್’, ಅಂದರೆ ಜಾಮೀನುದಾರ, ನಿಲ್ಲಬೇಕು. ಜಾಮೀನು ನಿಲ್ಲುವವರಿಲ್ಲದ ಒಂಟಿಗೆ ಇಕ್ಕುಬ್ ಕೂಡ ಇಲ್ಲ.

ಇಕ್ಕುಬ್‌ಗೆ ಇದ್ದಿರ್ ಎಂಬ ಜೊತೆಗಾರ ಸಂಘವಿದೆ. ಅದು ಸಾವಿನ ಸಂಘ. ತಿಂಗಳಿಗಿಷ್ಟು ಎಂದು ಎಲ್ಲರೂ ಕಟ್ಟುತ್ತಾರೆ; ಯಾರ ಮನೆಯಲ್ಲಿ ಸಾವಾದರೂ ಸಂಘದ ಡೇರೆ, ಬೆಂಚು, ಗಡಿಗೆಗಳು ಅಲ್ಲಿಗೆ ಹೋಗುತ್ತವೆ, ಜೊತೆಗೆ ಜನರೂ. ಹೋಗದಿದ್ದರೆ ದಂಡ. 1936ರಿಂದ 1941ರವರೆಗಿನ ಇಟಲಿಯ ಆಕ್ರಮಣದ ಹೊತ್ತಿನಲ್ಲಿ ನಗರಗಳಲ್ಲಿ ಇದು ಗಟ್ಟಿಯಾಗಿ ಬೇರೂರಿತು ಎನ್ನುತ್ತಾರೆ ಹಲವು ಇತಿಹಾಸಕಾರರು. ಜನ ತಾವಾಗಿ ಕೂಡುವುದನ್ನು ಸರ್ಕಾರಗಳು ಅನುಮಾನದಿಂದಲೇ ನೋಡಿದವು. 1963ರಲ್ಲಿ ಒರೊಮೊ ಜನ ಕಟ್ಟಿದ ಮೆಚಾ-ತುಲಮಾ ಸ್ವಸಹಾಯ ಸಂಘವನ್ನು ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ 1967ರಲ್ಲಿ ನಿಷೇಧಿಸಿತು. 1974ರ ಕ್ರಾಂತಿಯ ನಂತರ ಬಂದ ಸೈನಿಕ ಆಡಳಿತದಲ್ಲಿ ಕೇರಿಯ ಯಜಮಾನಿಕೆ ‘ಕೆಬೆಲೆ’ ಸಮಿತಿಗಳ ಕೈಗೆ ಹೋಯಿತು. ಇದ್ದಿರ್‌ಗಳು ಹೆಣ ಹೊರುವ ಕೆಲಸವನ್ನಷ್ಟೇ ಹಿಡಿದು ಬದುಕಿಕೊಂಡವು. ಏಡ್ಸ್ ಬಂದಾಗ ಅವುಗಳಲ್ಲಿ ಎಷ್ಟೋ ಸಂಘಗಳು ಸತ್ತವರಿಗಿಂತ ಮೊದಲು ರೋಗಿಗಳನ್ನು, ಆಮೇಲೆ ಅನಾಥ ಮಕ್ಕಳನ್ನು ನೋಡಿಕೊಳ್ಳಲು ನಿಂತವು.

ನೇಕಾರರಿಗೆ ಈ ಒಗ್ಗಟ್ಟು ಬರೀ ದುಡ್ಡಿನ ವಿಷಯವಾಗಿರಲಿಲ್ಲ. ಇಥಿಯೋಪಿಯಾದಲ್ಲಿ ಕೈಕೆಲಸದವರನ್ನು ಹೀಗಳೆಯುವುದು ಹಳೆಯ ಚಾಳಿ. ಕಮ್ಮಾರನಿಗೆ ಕೆಟ್ಟ ಕಣ್ಣಿದೆ ಎಂದು ಹೆದರುತ್ತಿದ್ದರು, ‘ಶೆಮ್ಮಾನೆ’ (ನೇಕಾರ) ಎನ್ನುವುದೇ ಬೈಗುಳವಾಗಿತ್ತು. 1908ರಲ್ಲಿ ಮೆನೆಲಿಕ್ ಹೀಗೆ ಕಸುಬು ಹಿಡಿದು ಬಯ್ಯಬಾರದೆಂದು ಫರ್ಮಾನು ಹೊರಡಿಸಬೇಕಾಯಿತು. ಚಾಳಿ ಫರ್ಮಾನಿಗೆ ಬಗ್ಗಲಿಲ್ಲ.

ಇಷ್ಟಾಗಿ, ಗಾಮೊ ಸೀಮೆಯಲ್ಲೇ ನೇಕಾರರಿಗಿಂತ ಕೆಳಗೆ ಇಡಲ್ಪಟ್ಟವರಿದ್ದರು: ಕುಂಬಾರಿಕೆಯ ‘ಮಾನಾ’, ಚರ್ಮ ಹದಮಾಡುವ ಮತ್ತು ಕಬ್ಬಿಣ ಬಡಿಯುವ ‘ದೆಗಲಾ’. ಅವರಿಗೆ ಭೂಮಿಯ ಹಕ್ಕಿರಲಿಲ್ಲ, ಉಳಿದವರ ಜೊತೆ ಮದುವೆ ಸಂಬಂಧವೂ ಇರಲಿಲ್ಲ. 1958ರಲ್ಲಿ ‘ಇಥಿಯೋಪಿಯಾ ಅಬ್ಸರ್ವರ್’ ಪತ್ರಿಕೆಯಲ್ಲಿ ಇಕ್ಕುಬ್, ಇದ್ದಿರ್‌ಗಳಂಥ ಸ್ವಸಹಾಯದ ಬಗ್ಗೆ ಬರೆದವರು ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಮತ್ತು ಎಂದ್ರಿಯಾಸ್ ಎಶೆತೆ. ಆ ಪತ್ರಿಕೆಯನ್ನು ಸ್ಥಾಪಿಸಿದವರು ರಿಚರ್ಡರ ತಾಯಿ, ಬ್ರಿಟನ್ನಿನ ಮಹಿಳಾ ಮತದಾನದ ಹೋರಾಟಗಾರ್ತಿ ಸಿಲ್ವಿಯಾ. ರಿಚರ್ಡರ ಮಗ ಅಲುಲಾ, ಮಾನವಶಾಸ್ತ್ರಜ್ಞೆ ದೀನಾ ಫ್ರೀಮನ್ ಜೊತೆ 2003ರಲ್ಲಿ ಸಂಪಾದಿಸಿದ ಪುಸ್ತಕದ ಹೆಸರು ‘ಪೆರಿಫೆರಲ್ ಪೀಪಲ್’. ಅಪ್ಪ ಬರೆದದ್ದು ಒಟ್ಟಿಗೆ ಕೂತು ಚೀಟಿ ಎತ್ತುವವರನ್ನು ಕುರಿತು. ಮಗನ ಪುಸ್ತಕದಲ್ಲಿರುವುದು ದಕ್ಷಿಣ ಇಥಿಯೋಪಿಯಾದ ಊರೂರುಗಳಲ್ಲಿ ಆ ಕೂಟದ ಹೊರಗೆ ಉಳಿದ ಕುಂಬಾರರು, ಚಮ್ಮಾರರು, ಬೇಟೆಗಾರರು. ಎಷ್ಟೋ ಊರುಗಳಲ್ಲಿ ಅವರ ಹೆಣಕ್ಕೆ ಬೇರೆ ಮಸಣ. ಸಾವಿನ ಮನೆಗೆ ಇದ್ದಿರ್ ಹೊತ್ತೊಯ್ಯುವ ಗಡಿಗೆ ಮಾತ್ರ ಅವರ ಕೈಯದೇ.