ಬೆಳಕೇ ಸ್ವಿಚ್ಚಾದ ಕಥೆ

ಹೊಲಕ್ಕೆ ಔಷಧಿ ಹೊಡೆಯುವಾಗ ಗಾಳಿಗೆ ಎದುರಾಗಿ ನಿಲ್ಲಬಾರದೆಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಸೇರಿದರೆ ಜೊಲ್ಲು ಸುರಿಯುತ್ತದೆ, ಕಣ್ಣಪಾಪೆ ಕಿರಿದಾಗುತ್ತದೆ, ಸ್ನಾಯುಗಳು ಅದುರುತ್ತವೆ, ಕೊನೆಗೆ ಉಸಿರೇ ಕಟ್ಟುತ್ತದೆ. ಇದಕ್ಕೆಲ್ಲ ಮೂಲ, ನಮ್ಮ ನರಮಂಡಲದ ಒಂದೇ ಒಂದು ಕಿಣ್ವ ಕೆಲಸ ನಿಲ್ಲಿಸುವುದು. ಅದರ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಇದೇ ಕಿಣ್ವವನ್ನು ಬೆಳಕಿನಿಂದ ಹತೋಟಿಗೆ ತರಲು ಹೊರಟವರ ಇತಿಹಾಸವಿದು.

ನರದಿಂದ ಅಂಗಕ್ಕೆ ಸಂದೇಶ ಒಯ್ಯುವುದು ರಾಸಾಯನಿಕವೆಂದು 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯದ ಪ್ರಯೋಗದಿಂದ ತೋರಿಸಿದರು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ 1936ರಲ್ಲಿ ನೊಬೆಲ್ ಬಹುಮಾನ ಬಂತು. ಸಂದೇಶ ಮುಟ್ಟಿದ ಕೂಡಲೇ ಅಸಿಟೈಲ್‌ಕೋಲಿನ್ ಅನ್ನು ಒಡೆದು ಹಾಕುವುದೇ ನಮ್ಮ ಕಿಣ್ವದ ಕೆಲಸ. ಒಂದು ಕಿಣ್ವದ ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯುತ್ತದೆ. ಅದು ನಿಂತರೆ ಸ್ನಾಯುವಿಗೆ ಬಿಡುವೇ ಇಲ್ಲ.

1937ರಲ್ಲಿ ಬ್ರಿಟನ್ನಿನ ಜಿ.ಎಸ್. ಹಾರ್ಟ್ಲೆ ಬೇರೊಂದು ಸಂಗತಿ ಕಂಡುಕೊಂಡರು. ಬಟ್ಟೆಯ ಬಣ್ಣಗಳ ಬಳಗಕ್ಕೆ ಸೇರಿದ ಅಜೋಬೆಂಜೀನ್ ಎಂಬ ನೇರವಾದ ಅಣು, ಬೆಳಕು ಬಿದ್ದರೆ ಬಾಗುತ್ತದೆ. ಮುಂದೆ ನೇರಳಾತೀತ ಬೆಳಕಿನಿಂದ ಬಾಗಿಸಿ, ನೀಲಿ ಬೆಳಕಿನಿಂದ ಮತ್ತೆ ನೇರವಾಗಿಸುವುದು ಸಾಧ್ಯವಾಯಿತು.

ಈ ಎರಡು ಎಳೆಗಳನ್ನು ಹೊಸೆದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬರ್ನಾರ್ಡ್ ಎರ್ಲಾಂಗರ್ ಮತ್ತು ಸಂಗಡಿಗರು. ಅದು ನಮ್ಮ ಶಾಲೆ ಆರಂಭವಾಗುವುದಕ್ಕೆ ಕೆಲವೇ ವರ್ಷ ಹಿಂದಿನ ಮಾತು. 1968ರಲ್ಲಿ ಅವರು ಜೀರ್ಣಕ್ರಿಯೆಯ ಕೈಮೋಟ್ರಿಪ್ಸಿನ್ ಕಿಣ್ವದ ಮೇಲೆ ಪ್ರಯತ್ನಿಸಿದರು. 1969ರಲ್ಲಿ ಅಸಿಟೈಲ್‌ಕೋಲಿನೆಸ್ಟರೇಸನ್ನೇ ಹಿಡಿದರು. ಅದನ್ನು ತಡೆಯುವ ಔಷಧಿಗೆ ಅಜೋಬೆಂಜೀನ್ ಭಾಗವನ್ನು ಸೇರಿಸಿದರು. ನೇರ ರೂಪ, ಬಾಗಿದ ರೂಪ ಎರಡರ ತಡೆಯುವ ಶಕ್ತಿ ಬೇರೆ ಬೇರೆ. ಹಾಗಾಗಿ ಬೆಳಕಿನ ಬಣ್ಣ ಬದಲಿಸಿದರೆ ಕಿಣ್ವದ ವೇಗವೂ ಬದಲಾಯಿತು.

ಅಲ್ಲಿಯೇ ಇದ್ದ ಡೇವಿಡ್ ನಾಕ್‌ಮನ್‌ಸನ್ ಹಿಟ್ಲರನ ಜರ್ಮನಿ ಬಿಟ್ಟು ಬಂದವರು. ವಿದ್ಯುತ್ ಉತ್ಪಾದಿಸುವ ಮೀನುಗಳ ಅಂಗದಲ್ಲಿ ಈ ಕಿಣ್ವ ಹೇರಳವಾಗಿದೆಯೆಂದು ಅವರು 1930ರ ದಶಕದಲ್ಲೇ ಕಂಡಿದ್ದರು. ಅವರೊಡನೆ ಸೇರಿ ಎರ್ಲಾಂಗರ್ ತಂಡ, ದಕ್ಷಿಣ ಅಮೆರಿಕದ ವಿದ್ಯುತ್ ಈಲ್ ಮೀನಿನ ಒಂದು ಜೀವಕೋಶದ ವೋಲ್ಟೇಜನ್ನೇ ಬೆಳಕಿನಿಂದ ಏರಿಳಿಸಿ ತೋರಿಸಿತು. ನಮ್ಮ ಕಣ್ಣೂ ಹೀಗೆಯೇ ಅಲ್ಲವೇ? ವಿಟಮಿನ್ ಎ ಯಿಂದ ಬಂದ ಬಾಗಿದ ಅಣು ಬೆಳಕಿಗೆ ನೇರವಾದಾಗಲೇ ನೋಟ ಶುರುವಾಗುವುದು.

ಬಳಿಕ ಈ ಕೆಲಸ ದಶಕಗಳ ಕಾಲ ಹೆಚ್ಚು ಸುದ್ದಿಯಾಗಲಿಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅದೇ ಅಜೋಬೆಂಜೀನ್ ಬಳಸಿ ನರಕೋಶಗಳನ್ನು ಬೆಳಕಿನಿಂದ ಸುಮ್ಮನಾಗಿಸಿದರು. ಆದರೂ ನೇರಳಾತೀತ ಬೆಳಕು ಮಾಂಸದೊಳಗೆ ಆಳಕ್ಕೆ ಇಳಿಯದು. ಈ ವಿದ್ಯೆ ಆಸ್ಪತ್ರೆಯ ಔಷಧಿಯಾಗಲು ಇದೂ ಒಂದು ಅಡ್ಡಿ.

ಕೀಟನಾಶಕ ಈ ಕಿಣ್ವಕ್ಕೆ ಬೀಗ ಜಡಿಯುತ್ತದೆ; ಎರ್ಲಾಂಗರ್ ಹುಡುಕಿದ್ದು ಬೇಕೆಂದಾಗ ತೆರೆಯುವ, ಬೇಡವೆಂದಾಗ ಮುಚ್ಚುವ ಕದ. ಎರಡೂ ರಸಾಯನಶಾಸ್ತ್ರವೇ. ನಮ್ಮ ಶಾಲೆಯ ಮಕ್ಕಳು ಈ ವ್ಯತ್ಯಾಸ ತಿಳಿದು ಕಲಿಯಲಿ. ಮನೆಯವರು ಔಷಧಿ ಹೊಡೆಯಲು ಹೊರಟಾಗ ಕೈಗವಸು, ಮುಖಕ್ಕೆ ಮಾಸ್ಕ್ ನೆನಪಿಸುವುದೂ ಆ ಕಲಿಕೆಯ ಭಾಗವೇ.